ನಗ್ತಿದ್ದಾನೆ ಅಂದ್ರೆ ನೋವಿಲ್ಲ ಅಂತಲ್ಲ

ಹೋದ ವರ್ಷ ಮಳೆಗಾಲದಲ್ಲಿ ನನ್ನ ತಮ್ಮ ಮೂರು ವಾರ ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡ. ಅವನಿಗೆ 26 ವರ್ಷ. ಆಟಿಸಂ ಇದೆ, ಬುದ್ಧಿಯ ಬೆಳವಣಿಗೆಯೂ ಕಡಿಮೆ. ಮಾತು ಅಂದರೆ ಹದಿನೈದು ಇಪ್ಪತ್ತು ಪದ. ‘ಬಸ್ಸು’ ಇದೆ, ‘ಮೊಸರು’ ಇದೆ. ‘ನೋವು’ ಇಲ್ಲ.

ಊಟ ಬಿಟ್ಟ. ಅಮ್ಮ ತುತ್ತು ಬಾಯಿ ಹತ್ತಿರ ತಂದರೆ ತಟ್ಟೆ ಹಾರುತ್ತಿತ್ತು. ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರು ಅವನನ್ನು ಮುಟ್ಟಿಯೂ ನೋಡಲಿಲ್ಲ, ಫೈಲ್ ನೋಡಿದರು. “ಆಟಿಸಂ ಅಲ್ವಾ, ಇವರು ಹೀಗೇ ಇರ್ತಾರಮ್ಮ” ಎಂದು ಗಲಾಟೆ ತಗ್ಗಿಸಲು ಕೊಡುವ ರಿಸ್ಪೆರಿಡೋನ್ ಮಾತ್ರೆಯ ಡೋಸ್ ಜಾಸ್ತಿ ಮಾಡಿ ಕಳಿಸಿದರು. ಅವನು ಹಗಲೆಲ್ಲ ತೂಕಡಿಸಿದ. ಎಚ್ಚರವಾದಾಗ ಮತ್ತೆ ಅದೇ ಕೆನ್ನೆ, ಅದೇ ಏಟು.

ಕೊನೆಗೆ ಹಲ್ಲಿನ ಡಾಕ್ಟರೊಬ್ಬರು ಸಿಕ್ಕರು. ಕುರ್ಚಿಗೆ ಹತ್ತಿಸಲಿಲ್ಲ, ಅವನ ಜೊತೆ ನೆಲದ ಮೇಲೆ ಕೂತರು. ಟಾರ್ಚ್ ಅವನ ಕೈಗೇ ಕೊಟ್ಟು ಮೊದಲು ತಮ್ಮ ಬಾಯಿ ತೋರಿಸಿದರು. ಅವನು ಅವರ ಹಲ್ಲು ನೋಡಿದ. ಆಮೇಲೆ ತಾನೂ ಆ ಅಂದ. ದವಡೆ ಹಲ್ಲು ಪೂರ್ತಿ ಹುಳುಕು, ಬುಡದಲ್ಲಿ ಕೀವು.

ಇದಕ್ಕೆ ವೈದ್ಯರಲ್ಲೇ ಒಂದು ಹೆಸರಿದೆ, ಡಯಾಗ್ನೋಸ್ಟಿಕ್ ಓವರ್‌ಶ್ಯಾಡೋಯಿಂಗ್ ಅಂತ. ಹಳೆಯ ಕಾಯಿಲೆಯ ಹೆಸರು ಎಷ್ಟು ದೊಡ್ಡದಾಗಿ ಕಾಣುತ್ತದೆ ಅಂದರೆ, ಹೊಸದು ಅದರ ಹಿಂದೆ ಅಡಗಿಬಿಡುತ್ತದೆ. ಕಿವಿ ಸೋರುವುದು, ಎದೆಯುರಿ, ವಾರಗಟ್ಟಲೆ ಮಲ ಕಟ್ಟಿಕೊಳ್ಳುವುದು, ಎಲ್ಲಕ್ಕೂ ಒಂದೇ ಹೆಸರು: ಬಿಹೇವಿಯರ್.

ಇಂಗ್ಲೆಂಡಿನಲ್ಲಿ ಇಂಥದ್ದೇ ಒಂದು ಸಾವಾಯಿತು. ಆಲಿವರ್ ಮೆಕ್‌ಗೋವನ್ ಎಂಬ ಹುಡುಗ, ಆಟಿಸಂ ಇತ್ತು. ಮನೋರೋಗದ ಮಾತ್ರೆಗಳು ಒಗ್ಗುವುದಿಲ್ಲ, ಕೊಡಬೇಡಿ ಎಂದು ಅವನೂ ಹೇಳಿದ್ದ, ಅಪ್ಪ ಅಮ್ಮನೂ ಹೇಳಿದ್ದರು. ಆದರೂ ಒಲಾನ್ಜಪೈನ್ ಎಂಬ ಅಂಥದ್ದೇ ಔಷಧಿ ಕೊಟ್ಟರು. 2016ರಲ್ಲಿ, 18ನೇ ವಯಸ್ಸಿನಲ್ಲಿ ತೀರಿಕೊಂಡ. ಅವನ ತಾಯಿ ಪೌಲಾ ಸುಮ್ಮನೆ ಕೂರಲಿಲ್ಲ. ಆಸ್ಪತ್ರೆ ಸಿಬ್ಬಂದಿಗೆಲ್ಲ ಆಟಿಸಂ ಮತ್ತು ‘ಲರ್ನಿಂಗ್ ಡಿಸಬಿಲಿಟಿ’ ವಿಷಯದಲ್ಲಿ ತರಬೇತಿ ಕಡ್ಡಾಯ ಎಂದು 2022ರಲ್ಲಿ ಕಾನೂನಾಯಿತು. (ಅಲ್ಲಿ ‘ಲರ್ನಿಂಗ್ ಡಿಸಬಿಲಿಟಿ’ ಅಂದರೆ ನಾವು ಬುದ್ಧಿಮಾಂದ್ಯ ಅನ್ನುವುದು. ಇಲ್ಲಿ ಶಾಲೆಯವರು ಹೇಳುವ ಓದಿನ ತೊಂದರೆ ಅಲ್ಲ.) ಅಂಥವರಿಗೆ ಅಲ್ಲಿ 14ನೇ ವಯಸ್ಸಿನಿಂದ ವರ್ಷಕ್ಕೊಮ್ಮೆ ಉಚಿತ ತಪಾಸಣೆಯೂ ಇದೆ. ಚಿಕ್ಕಪ್ಪನ ಮಗಳು ಅಲ್ಲಿ ನರ್ಸ್. “ಇಲ್ಲೂ ಎಲ್ಲ ಸರಿ ಇಲ್ಲ ಕಣೇ ಅಕ್ಕ” ಅನ್ನುತ್ತಾಳೆ. ಇರಬಹುದು. ಆದರೆ ಅಲ್ಲಿ ಕೇಳುವುದಕ್ಕೆ ಒಂದು ದಾರಿಯಿದೆ.

ನಮ್ಮಲ್ಲಿ ಕಾನೂನಿಗೆ ಬರ ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 25ನೇ ಸೆಕ್ಷನ್ ಇಂಥವರನ್ನು ಮೊದಲು ನೋಡಬೇಕು, ಚಿಕಿತ್ಸೆಯಲ್ಲೂ ಆದ್ಯತೆ ಕೊಡಬೇಕು ಅನ್ನುತ್ತದೆ. ನಾನು ಅದರ ಪ್ರಿಂಟ್ ತೆಗೆದು ಕೌಂಟರಿನಲ್ಲಿ ತೋರಿಸಿದ್ದೇನೆ. “ಎಲ್ಲರಿಗೂ ಅರ್ಜೆಂಟೇ ಮೇಡಂ, ಟೋಕನ್ ಪ್ರಕಾರ ಬನ್ನಿ” ಎಂದರು. ಎರಡೂವರೆ ಗಂಟೆ. ಮಿಣಮಿಣ ಅನ್ನುವ ಟ್ಯೂಬ್‌ಲೈಟ್, ಫಿನಾಯಿಲ್ ವಾಸನೆ, ಮೈಕಿನಲ್ಲಿ ಹೆಸರು ಕೂಗುವುದು. ನಮಗೆ ಅದು ಕಿರಿಕಿರಿ. ಅವನಿಗೆ ಕಿವಿಯೊಳಗೇ ಗ್ರೈಂಡರ್ ಓಡಿದ ಹಾಗೆ. ಒಳಗೆ ಹೋಗುವ ಹೊತ್ತಿಗೆ ಅವನು ಅವನಾಗಿ ಉಳಿದಿರುವುದಿಲ್ಲ. ಡಾಕ್ಟರು ನೋಡುವುದು ಆ ಅವಸ್ಥೆಯನ್ನು. ಚೀಟಿಯಲ್ಲಿ ‘ವಯಲೆಂಟ್’ ಎಂದು ಬರೆಯುತ್ತಾರೆ.

ಮಕ್ಕಳಿಗಾದರೆ ಪರವಾಗಿಲ್ಲ, ಜಿಲ್ಲಾ ಆಸ್ಪತ್ರೆಗಳಲ್ಲಿ ಡಿಇಐಸಿ ಕೇಂದ್ರಗಳಿವೆ, ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ಚಿಕಿತ್ಸೆ ಕೊಡುವ ಜಾಗ. ಆದರೆ ಅದು 18 ವರ್ಷದವರೆಗೆ. ಆಟಿಸಂ ಏನು 18ಕ್ಕೆ ನಿವೃತ್ತಿ ಆಗುತ್ತದಾ? ಇಂಥವರಿಗೆಂದೇ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆ ಇದೆ, ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ. ಒಳ್ಳೆಯ ಯೋಜನೆ, ಗೊತ್ತಿಲ್ಲದವರು ಇಂದೇ ವಿಚಾರಿಸಿ. ಆದರೆ ನೆಲದ ಮೇಲೆ ಕೂರುವ ಡಾಕ್ಟರನ್ನು ಯಾವ ವಿಮೆ ಕೊಡುತ್ತದೆ?

ನಾನು ಕೇಳುತ್ತಿರುವುದು ಹೊಸ ಕಟ್ಟಡವನ್ನಲ್ಲ, ಹೊಸ ಮೆಷಿನನ್ನೂ ಅಲ್ಲ. ನಾವು ಹೊರಗೆ ಮರದ ಕೆಳಗೆ ಕೂತಿರುತ್ತೇವೆ, ಸರದಿ ಬಂದಾಗ ಫೋನ್ ಮಾಡಿ. ಸಾಧ್ಯವಾದರೆ ಬೆಳಗಿನ ಮೊದಲ ಟೋಕನ್ ನಮಗೆ ಕೊಡಿ. ಡೋಸ್ ಏರಿಸುವ ಮೊದಲು ಬಾಯಿ, ಕಿವಿ, ಹೊಟ್ಟೆ ನೋಡಿ. ‘ಇವನು ಯಾವತ್ತೂ ಹೀಗೇನಾ, ಇತ್ತೀಚೆಗೆ ಹೀಗಾ?’ ಎಂದು ಅಮ್ಮನನ್ನು ಕೇಳಿ. ಈ ಒಂದು ಪ್ರಶ್ನೆ ಕೇಳಿದ್ದರೆ ನಮ್ಮ ಹುಡುಗನ ಮೂರು ವಾರ ಉಳಿಯುತ್ತಿತ್ತು.

ಈಗ ನಾವೇ ಒಂದು ಹಾಳೆ ಬರೆದಿಟ್ಟಿದ್ದೇವೆ. ಇಂಗ್ಲೆಂಡಿನಲ್ಲಿ ಇದಕ್ಕೆ ಹಾಸ್ಪಿಟಲ್ ಪಾಸ್‌ಪೋರ್ಟ್ ಅನ್ನುತ್ತಾರಂತೆ. ನಮ್ಮದು ಲ್ಯಾಮಿನೇಷನ್ ಮಾಡಿಸಿದ ಎ4 ಹಾಳೆ, 40 ರೂಪಾಯಿ ಖರ್ಚು. ಯಾವ ಮಾತ್ರೆ ಒಗ್ಗುವುದಿಲ್ಲ, ಹಿಂದಿನಿಂದ ಮುಟ್ಟಿದರೆ ಬೆಚ್ಚುತ್ತಾನೆ, ಎಡಗೈಯಲ್ಲಿ ರಕ್ತ ತೆಗೆಯಲು ಬಿಡುತ್ತಾನೆ, ಬಲಗೈ ಬೇಡ, ಎಲ್ಲ ಬರೆದಿದೆ. ಮೊದಲ ಸಾಲು ಮಾತ್ರ ಅಮ್ಮ ಹೇಳಿ ಬರೆಸಿದ್ದು, ದಪ್ಪ ಅಕ್ಷರದಲ್ಲಿ: “ಇವನು ನೋವು ಜಾಸ್ತಿಯಾದರೆ ನಗ್ತಾನೆ. ನಗ್ತಿದ್ದಾನೆ ಅಂತ ಮನೆಗೆ ಕಳಿಸಬೇಡಿ.”