ರಿಯಲ್ ಹೇರಾ?

ಬೀಗರನ್ನು ಬೈಯುವ ಹಾಗಿಲ್ಲ. ಅದರಲ್ಲೂ ಬೀಗಿತ್ತಿಯನ್ನು ಬೈದು ಬದುಕಿ ಉಳಿದವರು ನಮ್ಮ ವಂಶದಲ್ಲಿ ಇಲ್ಲ. ಹಾಗಾಗಿ ಅಟ್ಲಾಂಟಾದ ಆ ದಿನಸಿ ಅಂಗಡಿಯಲ್ಲಿ, ಕೊತ್ತಂಬರಿ ಸೊಪ್ಪಿಗೆ ಬಿಲ್ ಹಾಕುತ್ತಿದ್ದ ಕಪ್ಪು ಹುಡುಗಿಯ ಸಣ್ಣ ಜಡೆಯೊಂದನ್ನು ನಮ್ಮ ಬೀಗಿತ್ತಿ ಎರಡು ಬೆರಳಲ್ಲಿ ಹಿಡಿದು, ಸೀರೆಯಂಗಡಿಯಲ್ಲಿ ಜರಿ ಉಜ್ಜಿ ನೋಡುವ ಹಾಗೆ ಉಜ್ಜಿ, "ರಿಯಲ್ ಹೇರಾ?" ಎಂದಾಗ ನಾನು ಪಕ್ಕದಲ್ಲಿದ್ದ ಚಾಕಲೇಟಿನ ಪೊಟ್ಟಣ ಎತ್ತಿಕೊಂಡು ಅದರಲ್ಲಿ ಏನೇನು ಹಾಕಿದ್ದಾರೆಂದು ಭಕ್ತಿಯಿಂದ ಓದತೊಡಗಿದೆ.

ಹುಡುಗಿ ನಕ್ಕಳು. "ರಿಯಲ್ಲೇ ಮೇಡಂ. ರಿಯಲ್ ದುಡ್ಡು ಕೊಟ್ಟಿದ್ದೀನಲ್ಲ." ಆ ನಗು ನಿಮಗೂ ಗೊತ್ತು. "ಮದುವೆ ಯಾವಾಗಮ್ಮ?" ಎಂದು ನೂರಾ ಒಂದನೇ ಸಲ ಕೇಳಿಸಿಕೊಂಡ ಅಣ್ಣನ ಮಗಳು ನಗುವುದು ಹಾಗೇ. ಹಲ್ಲು ಕಾಣುತ್ತದೆ, ಕಣ್ಣು ಬಾಗಿಲು ಹುಡುಕುತ್ತಿರುತ್ತದೆ.

ಇದರಲ್ಲಿ ಇನ್ನೊಂದು ಸ್ವಾರಸ್ಯವಿದೆ. ಸೊಸೆಗೆ ಸುಸೂತ್ರ ಹೆರಿಗೆಯಾಗಲಿ ಎಂದು ಇದೇ ಬೀಗಿತ್ತಿ ಹಿಂದಿನ ವರ್ಷ ತಿರುಮಲದಲ್ಲಿ ಮುಡಿ ಕೊಟ್ಟು ಬಂದಿದ್ದರು. ಅಲ್ಲಿ ಬಿದ್ದ ಕೂದಲನ್ನು ಉದ್ದದ ಲೆಕ್ಕದಲ್ಲಿ ವಿಂಗಡಿಸಿ ದೇವಸ್ಥಾನದವರು ಹರಾಜು ಹಾಕುತ್ತಾರೆ, ಅದು ವಿಗ್ ಆಗಿ ಕಡಲು ದಾಟುತ್ತದೆ. ಪಕ್ಕದ ಕೌಂಟರಿನ ನೀಳ ಕೂದಲಿನವಳ ತಲೆಗೆ ಕೈ ಹಾಕಿದ್ದರೆ ಬೀಗಿತ್ತಿಯ ಹರಕೆ ಅವರ ಕೈಗೇ ವಾಪಸ್ ಸಿಗುತ್ತಿತ್ತೋ ಏನೋ.

ತೊಳೆಯೋದು ಹೇಗೆ? ಮಲಗಿದಾಗ ಒತ್ತಲ್ವಾ? ಮೊನ್ನೆ ಕಿವಿ ತನಕ ಇತ್ತು, ಇವತ್ತು ಸೊಂಟಕ್ಕೆ ಬಂದಿದೆಯಲ್ಲ, ಯಾವ ಎಣ್ಣೆ? ಬಸ್ಸಿನಲ್ಲಿ, ಆಫೀಸಿನಲ್ಲಿ, ಲಿಫ್ಟಿನಲ್ಲಿ ಕಪ್ಪು ಹೆಂಗಸರಿಗೆ ಇದೇ ಮೌಖಿಕ ಪರೀಕ್ಷೆ. ಕೆಲವರು ತಾಳ್ಮೆಯಿಂದ ಪಾಠ ಹೇಳುತ್ತಾರೆ. ಕೆಲವರು ಬರುವ ಕೈ ಕಂಡೊಡನೆ ಕತ್ತು ಬಗ್ಗಿಸಲು ಕಲಿತಿದ್ದಾರೆ. 2013ರಲ್ಲಿ ನ್ಯೂಯಾರ್ಕಿನ ಯೂನಿಯನ್ ಸ್ಕ್ವೇರಿನಲ್ಲಿ ಮೂವರು ಹೆಂಗಸರು "ನನ್ನ ಕೂದಲು ಮುಟ್ಟಬಹುದು" ಎಂಬ ಫಲಕ ಹಿಡಿದೇ ನಿಂತರು. ಮುಟ್ಟಿ, ಕೇಳಿ, ಮುಗಿಸಿಕೊಳ್ಳಿ ಅಂತ. ಅದನ್ನು ಕಂಡು ರೇಗಿದ ಬೇರೆ ಕಪ್ಪು ಹೆಂಗಸರು "ಮುಟ್ಟುವ ಹಾಗಿಲ್ಲ" ಎಂಬ ಫಲಕ ಹಿಡಿದು ಬಂದರು. ನನ್ನ ಓಟು ಎರಡನೆಯವರಿಗೆ.

ಆ ಸಣ್ಣ ಜಡೆಗಳನ್ನು ಹೆಣೆಯಲು ಆರೇಳು ಗಂಟೆ ಕುರ್ಚಿಯಲ್ಲಿ ಕೂರಬೇಕಂತೆ. ನಮ್ಮ ಅಕ್ಕನ ಮದುವೆಗೆ ಮೊಗ್ಗಿನ ಜಡೆ ಹಾಕಿದ್ದು ನೆನಪಾಯಿತು. ಬೆಳಗಿನ ಜಾವ ನಾಲ್ಕಕ್ಕೆ ಕೂರಿಸಿದ್ದರು. ಏಳಕ್ಕೆ ಕತ್ತು ಉಳುಕಿತ್ತು, ಮೊಗ್ಗು ಮುಗಿದಿರಲಿಲ್ಲ. ಆ ಜಡೆಗೆ ಯಾವನಾದರೂ ಬೆರಳು ತುರುಕಿ "ಇದೇನು ಒರಿಜಿನಲ್ಲಾ?" ಎಂದಿದ್ದರೆ ಅಜ್ಜಿ ಒನಕೆ ಹುಡುಕುತ್ತಿದ್ದಳು. ಅಷ್ಟೇಕೆ, ಒಬ್ಬಳ ಮುಡಿಗೆ ಕೈ ಹಾಕಿದ್ದಕ್ಕೆ ಹದಿನೆಂಟು ದಿನ ಯುದ್ಧ, ಹದಿನೆಂಟು ಅಕ್ಷೋಹಿಣಿ ಹೆಣ ಕಂಡ ಕಥೆ ಕೇಳಿ ಬೆಳೆದವರು ನಾವು. ವೀಸಾ ಸಿಕ್ಕೊಡನೆ ಎಲ್ಲಾ ಮರೆತುಹೋಗುತ್ತದೆ.

ದೊಡ್ಡವರ ಕುತೂಹಲವಂತೂ ಇನ್ನೂ ದೊಡ್ಡದು. 1786ರಲ್ಲಿ ಲೂಸಿಯಾನಾದ ಸ್ಪ್ಯಾನಿಷ್ ಗವರ್ನರ್ ಎಸ್ಟೆಬಾನ್ ಮಿರೋ, ಗುಲಾಮರಲ್ಲದ ಕಪ್ಪು ಹೆಂಗಸರೂ ತಲೆಗೆ ಬಟ್ಟೆ ಕಟ್ಟಬೇಕೆಂದು ಅಪ್ಪಣೆ ಮಾಡಿದ. ರಾಜ್ಯಭಾರ ಅಂದರೆ ಅದು! ಅವರು ಬಣ್ಣಬಣ್ಣದ ಬಟ್ಟೆಯನ್ನೇ ಸೊಗಸಾಗಿ ಸುತ್ತಿ, ಒಡವೆ ಸಿಕ್ಕಿಸಿಕೊಂಡು ಓಡಾಡಿದರು. ಟೋಕಿಯೋ ಒಲಿಂಪಿಕ್ಸಿಗೆ ಮುಂಚೆ ಈಜಿನ ಅಂತಾರಾಷ್ಟ್ರೀಯ ಸಂಸ್ಥೆ ಫಿನಾ, ದಟ್ಟ ಗುಂಗುರು ಕೂದಲಿಗೆಂದೇ ಹೊಲಿದ ಟೋಪಿಗೆ ಒಪ್ಪಿಗೆ ಕೊಡಲಿಲ್ಲ. ಕಾರಣ, ಅದು "ತಲೆಯ ಸಹಜ ಆಕಾರ"ಕ್ಕೆ ಹೊಂದುವುದಿಲ್ಲ. ಯಾರ ತಲೆ ಅಂತ ಹೇಳಲಿಲ್ಲ. ಆ ಸಹಜ ತಲೆಯನ್ನು ಕಚೇರಿಯ ಬೀರುವಿನಲ್ಲಿ ಇಟ್ಟು ಬೀಗ ಹಾಕಿರಬೇಕು. 2022ರಲ್ಲಿ ಒಪ್ಪಿದರು, ತಲೆಗಳು ಮೊದಲಿದ್ದ ಹಾಗೇ ಇದ್ದವು.

ನಗು ಇಲ್ಲಿಗೇ ನಿಲ್ಲುತ್ತದೆ, ಕ್ಷಮಿಸಿ. ಅಲಬಾಮಾದಲ್ಲಿ ಒಬ್ಬಳಿಗೆ ಕೆಲಸ ಕೊಟ್ಟು, ಜಟೆ ತೆಗೆಸದಿದ್ದರೆ ಇಲ್ಲ ಅಂದರು. ಜಟೆ ಕೆದರಿಕೊಳ್ಳುತ್ತೆ, ನಿಮ್ಮದು ಅಂತಲ್ಲ, ಆದರೂ ನಾನು ಹೇಳೋದು ನಿಮಗೆ ಗೊತ್ತಾಗುತ್ತಲ್ಲ ಎಂಬ ಧಾಟಿಯ ಮಾತು ನ್ಯಾಯಾಲಯದ ಕಡತದಲ್ಲೇ ಇದೆ. 2016ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅವಳ ಕಡೆ ನಿಲ್ಲಲಿಲ್ಲ: ಕೇಶಶೈಲಿ ಬದಲಾಯಿಸಬಹುದಾದದ್ದು, ಆದ್ದರಿಂದ ಇದು ಜನಾಂಗಭೇದ ಅಲ್ಲ. ಹುಟ್ಟಿದ ಕೂದಲು ಹುಟ್ಟಿದ ಹಾಗೆ ಇರಲಿ ಎನ್ನಲು ಕಾನೂನೇ ಬೇಕಾಯಿತು. ಕ್ಯಾಲಿಫೋರ್ನಿಯಾ ಮೊದಲು ಮಾಡಿದ್ದು 2019ರಲ್ಲಿ. ದಿನವಿಡೀ ಇಷ್ಟನ್ನು ತಲೆಯ ಮೇಲೆ ಹೊತ್ತವಳ ಹತ್ತಿರ ಹೋಗಿ "ಸುಮ್ನೆ ಕೇಳಿದೆ ಅಷ್ಟೇ" ಅನ್ನುತ್ತೇವೆ. ಏನು ಸುಮ್ನೆ?

ಯಲ್ಲಾಪುರ, ಹಳಿಯಾಳದ, ಆಫ್ರಿಕಾ ಮೂಲದ ಸಿದ್ದಿ ಹುಡುಗಿಯರನ್ನು ಹುಬ್ಬಳ್ಳಿ ಬಸ್ಸಿನಲ್ಲಿ ನಾವು ಬಿಟ್ಟಿದ್ದೇವೆಯೇ? "ಯಾವ ದೇಶ?" "ಯಲ್ಲಾಪುರ." "ಅಬ್ಬಾ, ಕನ್ನಡ ಎಷ್ಟು ಚೆಂದ ಮಾತಾಡ್ತೀರಿ!" ತಲೆತಲಾಂತರದಿಂದ ಆ ಕಾಡಿನಲ್ಲಿರುವವರಿಗೆ ನಮ್ಮಿಂದ ಕನ್ನಡದ ಪ್ರಶಸ್ತಿಪತ್ರ.

ರಾತ್ರಿ ಬೀಗಿತ್ತಿ ತುಮಕೂರಿನ ತಂಗಿಗೆ ವಿಡಿಯೋ ಕಾಲ್ ಮಾಡಿದ್ದರು. ಪಕ್ಕದ ಕೋಣೆಯಲ್ಲಿ ಮಗುವಿಗೆ ಜೋಗುಳ ಹಾಡುತ್ತಿದ್ದ ನನಗೂ ಕೇಳಿಸಿತು. "ನಾನೇ ಮುಟ್ಟಿ ನೋಡ್ದೆ ಕಣೇ, ಹಗ್ಗದ ಥರ ಗಟ್ಟಿ. ಆದ್ರೂ ಒಳ್ಳೆ ಹುಡುಗಿ ಪಾಪ, ಏನೂ ಅಂದ್ಕೊಳ್ಳಲಿಲ್ಲ."