ಗರ್ಭನಿರೋಧಕ ಮಾತ್ರೆಯಿಂದ ಮಕ್ಕಳಾಗುವುದಿಲ್ಲ ಎಂಬ ಮೆಸೇಜ್ ಬಗ್ಗೆ ಸ್ಪಷ್ಟನೆ

‘ಎರಡು ವರ್ಷ ಗರ್ಭನಿರೋಧಕ ಮಾತ್ರೆ ನುಂಗಿದರೆ ಗರ್ಭಕೋಶ ಒಣಗುತ್ತದೆ, ಮುಂದೆ ಮಕ್ಕಳಾಗುವುದಿಲ್ಲ’ ಎಂಬ ಮೆಸೇಜ್ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಮೊನ್ನೆ ನಾನೂ ಅದನ್ನು ಸುಮ್ನೆ ಮುಂದಕ್ಕೆ ಕಳಿಸಿಬಿಟ್ಟಿದ್ದೆ. ಆ ಮೆಸೇಜ್‌ನಲ್ಲಿರುವುದು ತಪ್ಪು.

ಮಾತ್ರೆಯಲ್ಲಿರುವ ಈಸ್ಟ್ರೋಜನ್, ಪ್ರೊಜೆಸ್ಟಿನ್ ಹಾರ್ಮೋನುಗಳು ಮುಖ್ಯವಾಗಿ ಅಂಡ ಬಿಡುಗಡೆಯಾಗದಂತೆ ತಡೆಯುತ್ತವೆ. ಗರ್ಭಕೋಶವನ್ನಾಗಲಿ ಅಂಡಾಶಯವನ್ನಾಗಲಿ ಹಾಳು ಮಾಡುವುದಿಲ್ಲ. 28 ಮಾತ್ರೆಯ ಶೀಟನ್ನೇ ನೋಡಿ. ಸಾಮಾನ್ಯವಾಗಿ 21ರಲ್ಲಿ ಹಾರ್ಮೋನು ಇರುತ್ತದೆ, ಬೇರೆ ಬಣ್ಣದ 7ರಲ್ಲಿ ಇರುವುದೇ ಇಲ್ಲ. ಆ ಏಳು ದಿನದಲ್ಲಿ ರಕ್ತಸ್ರಾವ ಆಗುತ್ತದೆ, ಅಲ್ವಾ? ಗರ್ಭಕೋಶ ಒಣಗಿದ್ದರೆ ಅದು ಹೇಗೆ ಆಗುತ್ತಿತ್ತು? ಮಾತ್ರೆ ಪೂರ್ತಿ ಬಿಟ್ಟ ಮೇಲೆ ಹೆಚ್ಚಿನವರಿಗೆ ಒಂದರಿಂದ ಮೂರು ತಿಂಗಳಲ್ಲಿ ಮುಟ್ಟು ಮೊದಲಿನ ಹಾಗೆ ಬರುತ್ತದೆ. ಮಾತ್ರೆಯಿಂದ ಬಂಜೆತನ ಬರುವುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕುಟುಂಬ ಯೋಜನೆ ಕೈಪಿಡಿಯೂ ಹೇಳುತ್ತದೆ.

ಗೊಂದಲ ಹುಟ್ಟಿದ್ದು ಬಹುಶಃ ಗರ್ಭನಿರೋಧಕ ಇಂಜೆಕ್ಷನ್‌ನಿಂದ. ಮೂರು ತಿಂಗಳಿಗೊಮ್ಮೆ ಹಾಕುವ ಡಿಎಂಪಿಎ ಎಂಬ ಇಂಜೆಕ್ಷನ್ ಬಿಟ್ಟ ಮೇಲೆ ಗರ್ಭ ನಿಲ್ಲಲು ಕೆಲವು ತಿಂಗಳು ಜಾಸ್ತಿ ಹಿಡಿಯಬಹುದು. ಅದೂ ಶಾಶ್ವತವಲ್ಲ.

ಹಾಗಂತ ಮಾತ್ರೆಗೆ ಅಪಾಯವೇ ಇಲ್ಲ ಅಂತಲ್ಲ. ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಸ್ವಲ್ಪ ಹೆಚ್ಚುತ್ತದೆ. 35 ದಾಟಿದ, ಸಿಗರೇಟು ಸೇದುವ ಹೆಂಗಸರು ಈ ಮಾತ್ರೆ ತೆಗೆದುಕೊಳ್ಳಬಾರದು.

ಆ ಮೆಸೇಜ್ ನಿಮ್ಮ ಫೋನಿನಲ್ಲಿದ್ದರೆ ದಯವಿಟ್ಟು ಯಾರಿಗೂ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ, ಅದೇ ಗ್ರೂಪಿಗೆ ಇದನ್ನೂ ಹಾಕಿ.