ಹೈಫಾಗೆ ಹಾರ, ಬಸ್ರಾಗೆ ಬರೀ ಲೆಕ್ಕ

ಪ್ರತಿ ವರ್ಷ ಸೆಪ್ಟೆಂಬರ್ 23 ಹತ್ತಿರ ಬಂದರೆ ಸಾಕು, ವಾಟ್ಸಾಪ್‌ನಲ್ಲಿ ಒಂದು ಮೆಸೇಜು ಓಡಾಡೋಕೆ ಶುರುವಾಗುತ್ತದೆ. ಮೈಸೂರು ಲ್ಯಾನ್ಸರ್ಸ್ ಕುದುರೆ ಸವಾರರು ಬರೀ ಈಟಿ ಕತ್ತಿ ಹಿಡಿದು ಮೆಷಿನ್ ಗನ್‌ಗಳ ಎದುರು ನುಗ್ಗಿ ಇಸ್ರೇಲಿನ ಹೈಫಾ ನಗರವನ್ನು ಬಿಡಿಸಿದರು, ಪಠ್ಯಪುಸ್ತಕದವರು ಇದನ್ನು ಮುಚ್ಚಿಟ್ಟರು, ನಿಜವಾದ ಕನ್ನಡಿಗರಾದರೆ ಹತ್ತು ಜನಕ್ಕೆ ಕಳಿಸಿ ಅಂತ. ಕೊನೆಗೆ ಎರಡು ಬಾವುಟ, ಒಂದು ಕುದುರೆ.

ಮೊದಲೇ ಹೇಳಿಬಿಡುತ್ತೇನೆ, ಹೈಫಾ ದಿನ ಆಚರಿಸೋದರ ಬಗ್ಗೆ ನನ್ನದೇನೂ ತಕರಾರಿಲ್ಲ. ನಡೆದದ್ದು ನಿಜ. 1918ರಲ್ಲಿ, ಮೊದಲನೇ ಮಹಾಯುದ್ಧ ಮುಗಿಯೋಕೆ ಎರಡು ತಿಂಗಳೂ ಇಲ್ಲದಾಗ, ಜೋಧಪುರ, ಮೈಸೂರು, ಹೈದರಾಬಾದ್ ಸಂಸ್ಥಾನಗಳ ಕುದುರೆ ಪಡೆಗಳಿದ್ದ, ಬ್ರಿಟಿಷರ ಪರ ಹೋರಾಡುತ್ತಿದ್ದ ಬ್ರಿಗೇಡ್, ಆಗ ತುರ್ಕಿಯವರ ಕೈಯಲ್ಲಿದ್ದ ಹೈಫಾ ಹತ್ತಿರ ಬಂತು. ಜೋಧಪುರದವರು ಊರಿನ ಕಡೆ ನುಗ್ಗಿದರು. ಮೈಸೂರಿನವರು ಕಾರ್ಮೆಲ್ ಬೆಟ್ಟದ ಮೇಲಿದ್ದ ಫಿರಂಗಿಗಳ ಮೇಲೆ ಬಿದ್ದರು. ಮುಂದೆ ನಿಂತಿದ್ದ ಮೇಜರ್ ದಲ್ಪತ್ ಸಿಂಗ್ ಶೆಖಾವತ್ ಅಲ್ಲೇ ಸತ್ತರು. ಒಟ್ಟು 8 ಜನ ಸತ್ತು 34 ಜನ ಗಾಯಗೊಂಡರು, 60 ಕುದುರೆ ಸತ್ತವು. ಸೆರೆ ಸಿಕ್ಕ ಜರ್ಮನ್ ಮತ್ತು ತುರ್ಕಿ ಸೈನಿಕರು 1,350. ದೊಡ್ಡ ಸಾಹಸವೇ, ಯಾರೂ ಇಲ್ಲ ಅನ್ನೋಕಾಗಲ್ಲ. (ಆಗ ಇಸ್ರೇಲ್ ಅನ್ನೋ ದೇಶ ಇರಲೇ ಇಲ್ಲ, ಅದು ಹುಟ್ಟಿದ್ದು 1948ರಲ್ಲಿ. ಮೆಸೇಜು ಕಳಿಸುವವರು ಇಷ್ಟಾದರೂ ತಿದ್ದಿಕೊಂಡರೆ ಒಳ್ಳೆಯದು.)

ನನ್ನ ತಕರಾರು ಬೇರೆ. ಆ ನಾಲ್ಕು ವರ್ಷದ ಯುದ್ಧಕ್ಕೆ ನಮ್ಮ ದೇಶದಿಂದ ಹತ್ತು ಲಕ್ಷಕ್ಕೂ ಜಾಸ್ತಿ ಜನ ಹಡಗು ಹತ್ತಿ ಹೋಗಿದ್ದರು. ಸತ್ತವರು ಸುಮಾರು 74,000. ಅಷ್ಟರಲ್ಲಿ ನಮಗೆ ನೆನಪಾಗಿರೋದು 8 ಜನ ಸತ್ತ ಒಂದು ದಿನ. ಯಾಕೆ? ಅವತ್ತು ಗೆದ್ದೆವು, ಕುದುರೆ ಇತ್ತು, ಫೋಟೋ ಚೆನ್ನಾಗಿ ಬರುತ್ತದೆ, ಜೊತೆಗೆ ಈಗ ಆ ಊರು ಇರುವ ದೇಶ ನಮಗೆ ಬೇಕಾದ ದೇಶ. 2018ರ ಜನವರಿಯಲ್ಲಿ ಇಸ್ರೇಲಿನ ಪ್ರಧಾನಿ ದೆಹಲಿಗೆ ಬಂದಾಗ ತೀನ್ ಮೂರ್ತಿ ಚೌಕಕ್ಕೆ ತೀನ್ ಮೂರ್ತಿ ಹೈಫಾ ಚೌಕ ಅಂತ ಹೆಸರಿಟ್ಟರು. ಅಲ್ಲಿರುವ ಮೂರು ಮೂರ್ತಿಗಳಲ್ಲಿ ಒಂದು ನಮ್ಮ ಮೈಸೂರಿನದು. 1922ರಿಂದ ಅಲ್ಲೇ ನಿಂತಿದ್ದ, ಅಲ್ಲಿಯವರೆಗೆ ಅವನನ್ನು ವಿಚಾರಿಸಿದವರು ಎಷ್ಟು ಜನ?

ಗೆದ್ದದ್ದನ್ನಷ್ಟೇ ನೆನೆಯೋದು ಅಂತ ಹೊರಟರೆ ಏನೇನು ಬಿಟ್ಟುಹೋಗುತ್ತದೆ ನೋಡಿ.

ಕೂತ್. ಇರಾಕಿನಲ್ಲಿ ಟೈಗ್ರಿಸ್ ನದಿ ದಂಡೆಯ ಊರು. 1915ರ ಡಿಸೆಂಬರ್‌ನಲ್ಲಿ ತುರ್ಕಿಯವರು ಅಲ್ಲಿ ಒಂದು ಇಡೀ ಸೈನ್ಯವನ್ನು ಸುತ್ತುವರಿದರು, ಅದರಲ್ಲಿ ಹೆಚ್ಚಿನವರು ಭಾರತದವರು. ಸುಮಾರು ಐದು ತಿಂಗಳು. ಕಾಳು ಮುಗಿದ ಮೇಲೆ ಕುದುರೆ, ಹೇಸರಗತ್ತೆ ಕೊಯ್ದು ತಿಂದರು. ಕುದುರೆ ಮಾಂಸ ಮುಟ್ಟಲ್ಲ ಅಂತ ನಮ್ಮವರು ಬಹಳ ದಿನ ಹಟ ಹಿಡಿದು ಕೂತರು, ಅದೇ ಹಸಿವಿನಲ್ಲಿ ಕಾವಲು ಕಾದರು. 1916ರ ಏಪ್ರಿಲ್ 29ಕ್ಕೆ ಶರಣಾದರು, ಸುಮಾರು 13,000 ಜನ. ಅವರ ಜನರಲ್ ಟೌನ್ಸೆಂಡ್ ಸಾಹೇಬರನ್ನು ಇಸ್ತಾಂಬುಲ್ ಹತ್ತಿರದ ಒಂದು ದ್ವೀಪದಲ್ಲಿ ಆರಾಮಾಗಿ ಇಟ್ಟರು. ಸಿಪಾಯಿಗಳನ್ನು ಮರುಭೂಮಿಯಲ್ಲಿ ನಡೆಸಿದರು. ದಾರಿಯಲ್ಲೇ ಬಿದ್ದು ಸತ್ತವರು, ಆಮೇಲೆ ರೈಲು ಹಳಿ ಹಾಕೋ ಕೆಲಸದಲ್ಲಿ ಸತ್ತವರು ಸಾವಿರಾರು. ಕೂತ್ ದಿನ ಅಂತ ಒಂದಿದೆಯಾ ನಮ್ಮ ಕ್ಯಾಲೆಂಡರಿನಲ್ಲಿ?

ಇನ್ನೊಂದು, ಇದು ನಮ್ಮೂರಿನ ಹೆಸರೇ ಇರುವಂಥದ್ದು. 1914ರ ನವೆಂಬರ್‌ನಲ್ಲಿ ಆಫ್ರಿಕಾದ ಟಾಂಗಾ ಬಂದರಿನ ಮೇಲೆ, ಈಗ ಅದು ತಾಂಜಾನಿಯಾದಲ್ಲಿದೆ, ಬ್ರಿಟಿಷರು ಭಾರತದಿಂದ ಸೈನ್ಯ ಇಳಿಸಿದರು. ಅದರಲ್ಲಿ ಒಂದು ತುಕಡಿಯ ಹೆಸರು 27ನೇ ಬೆಂಗಳೂರು ಬ್ರಿಗೇಡ್. ಕಂಟೋನ್ಮೆಂಟಿನಿಂದ ಬಂದ ಹೆಸರು ಅಷ್ಟೇ, ಅದರಲ್ಲಿದ್ದವರೆಲ್ಲ ಕನ್ನಡಿಗರು ಅಂತ ನಾನು ಹೇಳುತ್ತಿಲ್ಲ. ಎದುರಿಗಿದ್ದ ಜರ್ಮನ್ ಪಡೆ ಇವರಿಗಿಂತ ಎಷ್ಟೋ ಚಿಕ್ಕದು. ಆದರೂ ಹೀನಾಯವಾಗಿ ಸೋತರು. ಸಾಲದ್ದಕ್ಕೆ ಗುಂಡಿನ ಸದ್ದಿಗೆ ರೇಗಿದ ಜೇನುಹುಳುಗಳು ಬೇರೆ ಅಟ್ಟಿಸಿಕೊಂಡು ಬಂದವು, ಇವತ್ತಿಗೂ ಅದನ್ನು ಜೇನಿನ ಯುದ್ಧ ಅಂತಲೇ ಕರೆಯುತ್ತಾರೆ. ಇದನ್ನು ಯಾರು ಫಾರ್ವರ್ಡ್ ಮಾಡುತ್ತಾರೆ ಹೇಳಿ.

ಸೋತದ್ದನ್ನು ನೆನೆಯೋದು ಹೇಗೆ ಅಂತ ಕೇಳಬೇಡಿ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನವರು ಏಪ್ರಿಲ್ 25ರಂದು ಕತ್ತಲಿರುವಾಗಲೇ ಎದ್ದು ಬಂದು ನಿಂತು ನೆನೆಯೋದು ಇದೇ ಯುದ್ಧದಲ್ಲಿ ತುರ್ಕಿಯ ಗಲಿಪೋಲಿಯಲ್ಲಿ ಕಂಡ ಸೋಲನ್ನೇ. ಆ ಗಲಿಪೋಲಿಯಲ್ಲೂ ಸಾವಿರಾರು ಭಾರತೀಯರಿದ್ದರು, ಅದು ಬೇರೆ ಮಾತು.

ಈಗ ಬಸ್ರಾ ವಿಷಯ. ನನಗೆ ನಿಜಕ್ಕೂ ಹೊಟ್ಟೆ ಉರಿದದ್ದು ಇಲ್ಲೇ. ಇರಾಕಿನ ಕಡೆ ಸತ್ತವರಿಗಾಗಿ ಬ್ರಿಟಿಷರು ಬಸ್ರಾ ಹತ್ತಿರ ಒಂದು ದೊಡ್ಡ ಸ್ಮಾರಕ ಕಟ್ಟಿಸಿದರು, 1929ರಲ್ಲಿ. ಸಮಾಧಿ ಎಲ್ಲಿದೆ ಅಂತ ಗೊತ್ತಿಲ್ಲದ ನಲವತ್ತು ಸಾವಿರಕ್ಕೂ ಜಾಸ್ತಿ ಜನರ ನೆನಪಿಗೆ. ಬ್ರಿಟಿಷ್ ಸೈನಿಕ ಸಾಮಾನ್ಯದವನಾದರೂ ಅವನ ಹೆಸರು ಕೆತ್ತಿದರು. ಭಾರತದ ಅಧಿಕಾರಿಯಾದರೆ ಅವನ ಹೆಸರನ್ನೂ ಕೆತ್ತಿದರು. ಭಾರತದ ಸಾಮಾನ್ಯ ಸಿಪಾಯಿಯಾದರೆ? ಯಾವ ರೆಜಿಮೆಂಟು, ಎಷ್ಟು ಜನ, ಮುಗಿಯಿತು. ಬರೀ ಲೆಕ್ಕ. ಮೂವತ್ತು ಸಾವಿರಕ್ಕೂ ಜಾಸ್ತಿ ಮನುಷ್ಯರು ಆ ಕಲ್ಲಿನ ಮೇಲೆ ಅಂಕಿಯಾಗಿ ಕೂತಿದ್ದಾರೆ. 1997ರಲ್ಲಿ ಸದ್ದಾಂ ಹುಸೇನ್ ಅದನ್ನು ಅಲ್ಲಿಂದ ಕೀಳಿಸಿ ಮರುಭೂಮಿಯಲ್ಲಿ ನಿಲ್ಲಿಸಿದ.

ಇದು ಬಸ್ರಾದ ಕತೆ ಮಾತ್ರ ಅಲ್ಲ. ಈ ಸ್ಮಾರಕಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗವೇ 2021ರಲ್ಲಿ ಒಂದು ವರದಿ ತಂದು ಒಪ್ಪಿಕೊಂಡಿತು. ಹೆಚ್ಚಾಗಿ ಪೂರ್ವ ಆಫ್ರಿಕಾ, ಈಜಿಪ್ಟ್ ಕಡೆಯ ಕನಿಷ್ಠ 1,16,000 ಜನರಿಗೆ ಹೆಸರು ಹಿಡಿದು ಸ್ಮಾರಕವೇ ಆಗಿಲ್ಲ, ಆ ಸಂಖ್ಯೆ 3,50,000 ಇದ್ದರೂ ಇರಬಹುದು ಅಂತ. ಬ್ರಿಟನ್ನಿನ ರಕ್ಷಣಾ ಮಂತ್ರಿ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ನಮ್ಮ ಟಿವಿಗಳಲ್ಲಿ ಅವತ್ತು ಕೋವಿಡ್ ಎರಡನೇ ಅಲೆ, ಅದನ್ನು ಬಿಟ್ಟು ಇದನ್ನು ತೋರಿಸಿ ಅನ್ನೋಕೂ ಆಗಲ್ಲ. ಆದರೆ ಅದಾದ ಮೇಲಾದರೂ?

"ಅಯ್ಯೋ ಅದು ಬ್ರಿಟಿಷರ ಯುದ್ಧ, ಯಾರದೋ ರಾಜನಿಗಾಗಿ ಸತ್ತವರನ್ನು ನಾವ್ಯಾಕೆ ನೆನೆಯಬೇಕು?" ಅನ್ನೋ ಮಾತು ನನ್ನ ಗೆಳೆಯರಲ್ಲೇ ಕೆಲವರು ಹೇಳುತ್ತಾರೆ. ಅದರಲ್ಲಿ ಅರ್ಧ ಸತ್ಯ ಇದೆ. ಅದು ನಮ್ಮ ಯುದ್ಧ ಅಲ್ಲ. ಆ ಸಿಪಾಯಿಗೆ ತಿಂಗಳಿಗೆ 11 ರೂಪಾಯಿ ಸಂಬಳ ಸಿಗುತ್ತಿತ್ತು, ಮನೆಗೆ ಕಳಿಸಬಹುದಿತ್ತು, ಅದಕ್ಕೆ ಹೋದ. ಯುದ್ಧ ಮುಗಿದ ಮೇಲೆ ನಮಗೆ ಸಿಕ್ಕ ಬಹುಮಾನ 1919ರ ರೌಲಟ್ ಕಾಯ್ದೆ, ಅದರ ಹಿಂದೆಯೇ ಜಲಿಯನ್‌ವಾಲಾ ಬಾಗ್. ಇದನ್ನೆಲ್ಲ ಮುಚ್ಚಿಟ್ಟು ಅವರನ್ನು ಭಾರತಮಾತೆಗಾಗಿ ಪ್ರಾಣ ಕೊಟ್ಟವರು ಅಂತ ಮೈಕಿನಲ್ಲಿ ಕೂಗೋದು ಸುಳ್ಳು. ಆದರೆ ಆ ಯುದ್ಧಕ್ಕೆ ಆಗ ಹೂಂ ಅಂದವರು ಯಾರು ನೋಡಿ. ನಾಲ್ವಡಿ ಕೃಷ್ಣರಾಜ ಒಡೆಯರು ಯುದ್ಧ ನಿಧಿಗೆ 50 ಲಕ್ಷ ರೂಪಾಯಿ ಕೊಟ್ಟರು, ಅತ್ತ ಕನ್ನಂಬಾಡಿ ಕಟ್ಟೆ ಕೆಲಸ ನಡೆಯುತ್ತಿದ್ದ ಕಾಲ ಅದು. ಗಾಂಧೀಜಿ 1918ರಲ್ಲಿ ಗುಜರಾತಿನ ಖೇಡಾದಲ್ಲಿ ಹಳ್ಳಿ ಹಳ್ಳಿ ಅಲೆದು ಸೈನ್ಯಕ್ಕೆ ಸೇರಿ ಅಂತ ಜನರನ್ನು ಕೇಳಿದರು. ಒಡೆಯರ ಹೆಸರಿನಲ್ಲಿ ಆಸ್ಪತ್ರೆ ಇದೆ, ಗಾಂಧಿ ನೋಟಿನ ಮೇಲಿದ್ದಾರೆ, ಇರಲಿ, ಇರಬೇಕು. ಹೇಳಿ ಕಳಿಸಿದವರನ್ನು ಕ್ಷಮಿಸಿ ಪೂಜಿಸುತ್ತೇವೆ, ಹೋಗಿ ಸತ್ತವನ ಹತ್ತಿರ ಮಾತ್ರ ದೇಶಭಕ್ತಿಯ ಸರ್ಟಿಫಿಕೇಟು ಕೇಳೋದು ಯಾವ ನ್ಯಾಯ ಸ್ವಾಮಿ?

ಸರಿ, ನೆನೆಯಬೇಕು, ಹೇಗೆ ಅಂದರೆ ಅದಕ್ಕೆ ಲಂಡನ್ ಕಡೆ ನೋಡಬೇಕಾಗಿಲ್ಲ. ನಮ್ಮ ನೆಲದಲ್ಲಿ ಇದನ್ನು ಸಾವಿರ ವರ್ಷ ಹಿಂದೆಯೇ ಚೆನ್ನಾಗಿ ಮಾಡಿದ್ದಾರೆ. ಊರು ಊರಿಗೆ ವೀರಗಲ್ಲು ಇದೆಯಲ್ಲ, ಹೊಲದ ಬದುವಿನಲ್ಲಿ, ಕೆರೆ ಏರಿ ಮೇಲೆ, ಬಟ್ಟೆ ಒಗೆಯೋ ಕಲ್ಲಾಗಿ ಕೂಡ. ತುರು ಬಿಡಿಸೋಕೆ ಹೋಗಿ ಸತ್ತವನು, ಊರು ಕಾಯೋಕೆ ನಿಂತು ಸತ್ತವನು. ರಾಜನಿಗಾಗಿ ಸಂಬಳಕ್ಕೆ ಹೋಗಿ ಸತ್ತವನಿಗೂ ಅದೇ ಕಲ್ಲು. ಬೆಂಗಳೂರಿನ ಬೇಗೂರಿಗೆ ಹೋಗಿ ನೋಡಿ. ಅಲ್ಲಿನ ದೇವಸ್ಥಾನದಲ್ಲಿ ಗಂಗರ ಕಾಲದ, ಸುಮಾರು 890ರ ಹೊತ್ತಿನ ಶಾಸನ ಇದೆ, ಬೆಂಗಳೂರು ಅನ್ನೋ ಹೆಸರು ಸಿಗುವ ತೀರಾ ಹಳೆಯ ಕಲ್ಲು ಅಂತ ಎಲ್ಲರೂ ಅದನ್ನೇ ತೋರಿಸುತ್ತಾರೆ. ಅದರಲ್ಲಿರೋದು ಬೆಂಗಳೂರು ಕಾಳೆಗದಲ್ಲಿ ಬುಟ್ಟಣಸೆಟ್ಟಿ ಅನ್ನುವವನು ಸತ್ತ ಅಂತ. ಆ ಕಾಳೆಗ ಯಾಕಾಯಿತು ಅಂತ ಇವತ್ತು ಯಾರಿಗೂ ತಲೆಬಿಸಿ ಇಲ್ಲ. ಸತ್ತವನ ಹೆಸರು ಮಾತ್ರ ಸಾವಿರದ ನೂರು ವರ್ಷದಿಂದ ಹಾಗೇ ಇದೆ.

ಅದಕ್ಕಿಂತ ದೊಡ್ಡದು ಮಂಡ್ಯ ಜಿಲ್ಲೆಯ ಆತಕೂರು ಕಲ್ಲು, ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದೆ. 10ನೇ ಶತಮಾನದ್ದು. ತಕ್ಕೋಲದ ಯುದ್ಧದಲ್ಲಿ ಚೆನ್ನಾಗಿ ಹೋರಾಡಿದ ಮಣಲೇರನಿಗೆ ಏನು ಬೇಕು ಕೇಳು ಅಂದರೆ ಅವನು ಕೇಳಿದ್ದು ರಾಜನ ಬೇಟೆನಾಯಿ ಕಾಳಿಯನ್ನು. ಆ ನಾಯಿ ಹಂದಿ ಜೊತೆ ಕಾದಾಡಿ ಸತ್ತಾಗ ಅದಕ್ಕೊಂದು ಕಲ್ಲು ನಿಲ್ಲಿಸಿದರು. ಬರೀ ನಿಲ್ಲಿಸಿ ಹೋಗಲಿಲ್ಲ, ಪೂಜೆ ನಡೆಯೋಕೆ ಅಂತ ಭೂಮಿ ಬಿಟ್ಟರು. ಪೂಜೆ ಮಾಡದೆ ಉಂಡರೆ ಪಾಪ ಸುತ್ತಿಕೊಳ್ಳುತ್ತದೆ ಅಂತ ಕಲ್ಲಿನಲ್ಲೇ ಬರೆಸಿದರು. ಸ್ಮಾರಕಕ್ಕೆ ಮೇಂಟೆನೆನ್ಸ್ ಬಜೆಟ್ಟು ಮತ್ತು ಕೆಲಸ ತಪ್ಪಿಸಿದವನಿಗೆ ಪೆನಾಲ್ಟಿ, ಎರಡೂ! ನಾಯಿಗೆ ಹೆಸರಿದೆ, ನಾಯಿ ಸತ್ತದ್ದು ಹೇಗೆ ಅಂತ ಇದೆ. ಬಸ್ರಾದ ಮೂವತ್ತು ಸಾವಿರ ಜನಕ್ಕೆ ಅಷ್ಟೂ ಸಿಕ್ಕಿಲ್ಲ.

ದೆಹಲಿಯ ಇಂಡಿಯಾ ಗೇಟ್ ಇದೇ ಯುದ್ಧದಲ್ಲಿ ಸತ್ತವರ ನೆನಪಿಗೆ ಕಟ್ಟಿದ್ದು, 1931ರಲ್ಲಿ, ಅಂತ ಎಷ್ಟು ಜನಕ್ಕೆ ಗೊತ್ತು? 42 ಮೀಟರ್ ಎತ್ತರದ ಆ ಗೋಡೆಗಳ ಮೇಲೆ 13,000ಕ್ಕೂ ಜಾಸ್ತಿ ಹೆಸರುಗಳಿವೆ. ಅದು ಬರೀ ಗೇಟಲ್ಲ, ಹೆಸರಿನ ಪಟ್ಟಿ. ಜನ ಅದಕ್ಕೆ ಬೆನ್ನು ಹಾಕಿ ಸೆಲ್ಫಿ ತೆಗೆದುಕೊಂಡು ಐಸ್‌ಕ್ರೀಮ್ ತಿಂದು ಬರುತ್ತಾರೆ, ಅವರದೇನೂ ತಪ್ಪಿಲ್ಲ, ಕತ್ತೆತ್ತಿದರೂ ಓದೋಕಾಗದಷ್ಟು ಮೇಲಿದ್ದರೆ ಯಾರು ಓದುತ್ತಾರೆ. ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆ. ಅದರಲ್ಲಿ ಹೆಸರುಗಳು ಕಣ್ಣಳತೆಯಲ್ಲೇ ಇವೆ, ನಿಂತು ಓದಬಹುದು. ಆ ರಸ್ತೆಯಲ್ಲಿ ದಿನಾ ಓಡಾಡುವವರಲ್ಲಿ ಹೆಚ್ಚಿನವರಿಗೆ ಅದೇನು ಅಂತ ಗೊತ್ತಿಲ್ಲ.

ಹಾಗಾಗಿ ನನಗೆ ಹೊಸ ಸ್ಮಾರಕ ಬೇಡ, ಹೊಸ ಜಯಂತಿಯಂತೂ ಬೇಡವೇ ಬೇಡ, ಅದಕ್ಕೊಂದು ರಜೆ, ಆ ರಜೆಗೊಂದು ಜಗಳ. ನನಗೆ ಬೇಕಾಗಿರೋದು ಪಟ್ಟಿ. ಪಂಜಾಬಿನವರದು ನೋಡಿ. ಲಾಹೋರ್ ಮ್ಯೂಸಿಯಮ್ಮಿನಲ್ಲಿ ಧೂಳು ಹಿಡಿದು ಬಿದ್ದಿದ್ದ ರಿಜಿಸ್ಟರುಗಳಲ್ಲಿ ಆ ಯುದ್ಧಕ್ಕೆ ಹೋದ 3,20,000 ಪಂಜಾಬಿಗಳ ವಿವರ ಹಳ್ಳಿವಾರು ಇತ್ತು. ಬ್ರಿಟನ್ನಿನಲ್ಲಿರುವ ಪಂಜಾಬಿಗಳ ಒಂದು ಸಂಘ ಮತ್ತು ಗ್ರೀನಿಚ್ ವಿಶ್ವವಿದ್ಯಾಲಯ ಸೇರಿ ಅದನ್ನು ಒಂದೊಂದೇ ಜಿಲ್ಲೆಯಂತೆ ಇಂಟರ್ನೆಟ್ಟಿಗೆ ಹಾಕೋಕೆ ಶುರುಮಾಡಿದರು. ಕೆನಡಾದಲ್ಲೋ ಬರ್ಮಿಂಗ್‌ಹ್ಯಾಮಿನಲ್ಲೋ ಕೂತ ಮೊಮ್ಮಗ ತನ್ನ ಹಳ್ಳಿ ಹೆಸರು ಹೊಡೆದು ಮುತ್ತಜ್ಜನನ್ನು ಹುಡುಕಬಹುದು. ನಮ್ಮಲ್ಲಿ ಮೈಸೂರು ಸಂಸ್ಥಾನದ ಕಡತಗಳು ರಾಜ್ಯ ಪತ್ರಾಗಾರದಲ್ಲಿವೆ. ಇತಿಹಾಸ ಎಂ.ಎ. ಓದುವ ಮಕ್ಕಳು ಎಲ್ಲ ವಿಶ್ವವಿದ್ಯಾಲಯದಲ್ಲೂ ಇದ್ದಾರೆ. ಒಂದೊಂದು ತಾಲ್ಲೂಕು ಹಿಡಿದು ಯಾರು ಹೋದರು, ಎಲ್ಲಿ ಸತ್ತರು, ಯಾರು ವಾಪಸ್ ಬಂದರು ಅಂತ ಹುಡುಕೋ ಕೆಲಸ ಕೊಡೋಕೆ ಆಗಲ್ವಾ? ಸೈನಿಕರದು ಮಾತ್ರ ಅಲ್ಲ, ಮೂಟೆ ಹೊತ್ತವರದು, ಹೇಸರಗತ್ತೆ ಮೇಯಿಸಿದವರದು, ರಸ್ತೆ ಹಾಕಿದವರದು. ಜೈಲಿನ ಕೈದಿಗಳನ್ನು ಕೂಡ ಕೂಲಿಗೆ ಅಂತ ಇರಾಕಿಗೆ ಸಾಗಿಸಿದ್ದರು, ಅವರನ್ನೂ ಬಿಡಬಾರದು. ಸಿಕ್ಕ ಹೆಸರನ್ನು ಅವನ ಊರಿನ ಶಾಲೆ ಗೋಡೆ ಮೇಲೆ ಕನ್ನಡದಲ್ಲಿ ಬರೆಯಿರಿ, ಇಂಥ ಊರಿನಿಂದ ಇಂಥವನು ಬ್ರಿಟಿಷರ ಯುದ್ಧಕ್ಕೆ ಸಂಬಳಕ್ಕೆ ಹೋಗಿ ಇಂಥ ಕಡೆ ಸತ್ತ ಅಂತ. ಅದಕ್ಕಿಂತ ಒಂದು ಮಾತು ಜಾಸ್ತಿ ಬೇಡ.

ನಾವು ಹೈಸ್ಕೂಲಿನಲ್ಲಿ ಮೊದಲ ಮಹಾಯುದ್ಧಕ್ಕೆ ಕಾರಣಗಳನ್ನು ಪಾಯಿಂಟು ಹಾಕಿ ಉರು ಹೊಡೆದಿದ್ದೆವು. ಸರಯೇವೋದಲ್ಲಿ ಸತ್ತ ಆಸ್ಟ್ರಿಯಾದ ರಾಜಕುಮಾರನ ಹೆಸರು ಇವತ್ತೂ ಬಾಯಿಗೆ ಬರುತ್ತದೆ. ಜೆ.ಸಿ. ನಗರದ ಕಲ್ಲಿನ ಮೇಲಿರುವ ಒಂದು ಹೆಸರನ್ನೂ ಯಾರೂ ನಮಗೆ ಹೇಳಿಕೊಡಲಿಲ್ಲ.

ಸರ್ಕಾರ ಮಾಡುವಾಗ ಮಾಡಲಿ. ಅಲ್ಲಿಯವರೆಗೆ ನಿಮ್ಮಿಂದ ಆಗುವ ಒಂದು ಕೆಲಸ ಇದೆ. ಹಳೇ ಟ್ರಂಕಿನಲ್ಲೋ ದೇವರ ಮನೆ ಡಬ್ಬಿಯಲ್ಲೋ ಮುತ್ತಜ್ಜನ ಕಾಲದ ದುಂಡನೆಯ ಬೆಳ್ಳಿ ಪದಕ ಇದ್ದರೆ, ಒಂದು ಕಡೆ ರಾಜನ ತಲೆ, ಇನ್ನೊಂದು ಕಡೆ ಕುದುರೆ ಮೇಲೆ ಕೂತ ಬತ್ತಲೆ ಮನುಷ್ಯ, 1914 ಮತ್ತು 1918 ಅಂತ ಇರುತ್ತದೆ, ಅದನ್ನು ಬೆಳಕಿಗೆ ಹಿಡಿದು ಅಂಚು ನೋಡಿ. ನಂಬರು, ಹೆಸರು, ರೆಜಿಮೆಂಟು ಅಲ್ಲಿ ಒತ್ತಿರುತ್ತಾರೆ. ಕೂಲಿಗೆ ಹೋದವರಿಗೆ ಅದೇ ಪದಕ ಕಂಚಿನಲ್ಲಿ ಕೊಟ್ಟಿದ್ದರು, ಅದನ್ನೂ ಬಿಸಾಡಬೇಡಿ. ಎಷ್ಟೋ ಪದಕಗಳು ಬೆಳ್ಳಿ ಅಂತ ಕರಗಿ ಹೋಗಿವೆ. ಹಳೇ ಬೆಳ್ಳಿ ಹಾಕಿ ಹೊಸ ದೀಪ ತರೋಕೆ ಹೊರಟಿದ್ದರೆ, ಅಂಗಡಿಯವನು ತೂಕಕ್ಕೆ ಹಾಕೋ ಮುಂಚೆ ಆ ಅಂಚಿನ ಫೋಟೋ ತೆಗೆದು ಇಲ್ಲಿ ಹಾಕಿ. ಓದೋಕೆ ಬರದಿದ್ದರೆ ನಾನು ಓದಿ ಹೇಳುತ್ತೇನೆ.